ಜವರಯ್ಯ ತರಿಸಿದ ಇಳಿಜಾರು

ಹೆಂಡತಿಯ ಬೆನ್ನೇರಿ ಊರ ಜನರೆದುರು ಸವಾರಿ ಹೋಗುವ ಭಾಗ್ಯ ಎಲ್ಲ ಗಂಡಸರಿಗೂ ಸಿಗುವುದಿಲ್ಲ. ಕಲ್ಲುಕೊಪ್ಪಲಿನ ಜವರಯ್ಯನಿಗೆ ಅದು ವಾರಕ್ಕೊಮ್ಮೆ ಸಿಗುತ್ತಿತ್ತು. ಆ ಭಾಗ್ಯಕ್ಕೆ ಬೆಂಕಿ ಬೀಳಲಿ ಎಂದು ಅವನು ವಾರವಿಡೀ ಶಪಿಸುತ್ತಿದ್ದ.

ಪಾಂಡವಪುರದ ರಸ್ತೆಯಲ್ಲಿ ಕಬ್ಬು ತುಂಬಿದ ಗಾಡಿ ಮಗುಚಿ ಮೇಲೆ ಬಿದ್ದಾಗಿನಿಂದ ಅವನಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಕೂತು ಕೂತು ಸೊಂಟದ ಹತ್ತಿರ ಹುಣ್ಣಾಗಿತ್ತು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಅದನ್ನು ತೊಳೆಸಿ ಪಟ್ಟಿ ಕಟ್ಟಿಸಿಕೊಂಡು ಬರಬೇಕು. ತಪ್ಪಿಸಿದರೆ ಕೀವು ತುಂಬಿ ಜ್ವರ ಏರುತ್ತಿತ್ತು. ಊರ ಬಡಗಿ ಒಂದು ಹಲಗೆಗೆ ನಾಲ್ಕು ಗಾಲಿ ಬಡಿದು ಕೊಟ್ಟಿದ್ದ. ಅದರ ಮೇಲೆ ಕೂತು, ಎರಡು ಕೈಯಲ್ಲೂ ಮರದ ತುಂಡು ಹಿಡಿದು ನೆಲಕ್ಕೆ ಒತ್ತುತ್ತ, ಜವರಯ್ಯ ಮನೆಯಿಂದ ಆಸ್ಪತ್ರೆಯವರೆಗೆ ರಾಜನ ಹಾಗೆ ಹೋಗುತ್ತಿದ್ದ. ಅಲ್ಲಿಗೆ ಅವನ ರಾಜ್ಯ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಮೆಟ್ಟಿಲು.

ಆ ಆಸ್ಪತ್ರೆಯನ್ನು ಸರ್ಕಾರ ಕಟ್ಟಿಸಿದ್ದು ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷದ ಮೇಲೆ. ಕೆರೆ ಕೋಡಿ ಬಿದ್ದರೆ ನೀರು ನುಗ್ಗೀತೆಂದು ಇಂಜಿನಿಯರು ತಳಪಾಯವನ್ನು ಆಳೆತ್ತರ ಏರಿಸಿದ. (ಆ ಕೆರೆ ಕೋಡಿ ಬಿದ್ದದ್ದನ್ನು ಕಂಡವರು ಊರಲ್ಲಿ ಯಾರೂ ಬದುಕಿರಲಿಲ್ಲ.) ಕಂಟ್ರಾಕ್ಟರು ಉಳಿದ ಚಪ್ಪಡಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಅದಕ್ಕೆ ಮೆಟ್ಟಿಲು ಎಂದು ಹೆಸರಿಟ್ಟ. ಮಂಡಿನೋವೆಂದು ಬಂದವರು ಅದನ್ನು ಹತ್ತಿ ಎದೆನೋವಿಗೆ ಔಷಧಿ ತೆಗೆದುಕೊಂಡು ಹೋಗುತ್ತಿದ್ದರು. ಆದರೂ ಊರವರಿಗೆ ಆ ಎತ್ತರದ ಮೇಲೆ ಬಹಳ ಅಭಿಮಾನ. "ಬೂಕನಕೆರೇಲೂ ಇಷ್ಟೆತ್ರದ ಆಸ್ಪತ್ರೆ ಇಲ್ಲ ಕಣ್ಲಾ" ಎಂದು ಸಂತೆಯಲ್ಲಿ ಹೇಳಿಕೊಂಡು ಬರುತ್ತಿದ್ದರು.

ಮೆಟ್ಟಿಲ ಬುಡದಲ್ಲಿ ಜವರಯ್ಯನ ಹೆಂಡತಿ ಚಿಕ್ಕಬೋರಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಗಂಡನಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂರುತ್ತಿದ್ದಳು. "ಕತ್ತ ಇಡ್ಕೊ. ಇಸುಕ್ಬೇಡ, ಇಡ್ಕೊ." ಅವಳು ರಾಗಿ ಮೂಟೆಯನ್ನು ಒಬ್ಬಳೇ ಗಾಡಿಗೆ ಎಸೆಯುವ ಹೆಂಗಸು, ಒಣಗಿ ಕಡ್ಡಿಯಾಗಿದ್ದ ಗಂಡ ಅವಳಿಗೆ ಒಂದು ಲೆಕ್ಕವೇ ಅಲ್ಲ. ಮೇಲೆ ಜಗಲಿಯಲ್ಲಿ ಕೂತ ರೋಗಿಗಳು ತಮ್ಮ ತಮ್ಮ ನೋವು ಮರೆತು ನೋಡುತ್ತಿದ್ದರು.

"ಲೋ ಜವರಾ, ಕುದ್ರೆಗೆ ಹುಳ್ಳಿ ಬೇಯ್ಸಿ ಮಡ್ಗಿದ್ದೀಯೇನ್ಲಾ?" ಎಂದು ಯಾರಾದರೂ ಕೂಗಿದರೆ ಎಲ್ಲರೂ ನಗುತ್ತಿದ್ದರು. ಚಿಕ್ಕಬೋರಮ್ಮನೂ ನಗುತ್ತಿದ್ದಳು. ಜವರಯ್ಯ ಮಾತ್ರ ಅವಳ ತುರುಬಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ. ಸಾಯುವುದರೊಳಗೆ ಒಂದೇ ಒಂದು ಸಲ ತನ್ನ ಕೈಬಲದಿಂದಲೇ ಆ ಬಾಗಿಲು ದಾಟಬೇಕು, ಅವನಿಗೆ ಉಳಿದಿದ್ದ ಆಸೆ ಅದೊಂದೇ.

ಜವರಯ್ಯ ಲೋಯರ್ ಸೆಕೆಂಡರಿ ಪಾಸಾದವನು. ಊರವರ ಅರ್ಜಿಗಳನ್ನೆಲ್ಲ ಬರೆಯುವವನು ಅವನೇ. ಒಂದು ದಿನ ತನ್ನ ಪರವಾಗಿಯೇ ಒಂದು ಬರೆಯಲು ಕೂತ.

"ಯಾರ್ದು ಅರ್ಜಿ?" ಎಂದಳು ಹೆಂಡತಿ ಒಲೆಯ ಮುಂದಿನಿಂದ.

"ನಂದೇ ಕನಮ್ಮಿ. ಆಸ್ಪತ್ರೆಗೆ ಒಂದು ಜಾರು ಕಟ್ಟುಸ್ಕೊಡಿ ಅಂತ. ಹಲ್ಗೆ ಮ್ಯಾಲೇ ಸೀದಾ ಒಳೀಕ್ ಓಗ್ಬೋದು."

ಚಿಕ್ಕಬೋರಮ್ಮ ಮುದ್ದೆ ತೊಳಸುತ್ತಿದ್ದ ಕೋಲನ್ನು ಎತ್ತಿ ಹಿಡಿದಳು. "ಯಾಕೆ, ನನ್ ಬೆನ್ನು ಮುರ್ದೋಯ್ತಾ?"

"ಅಂಗಲ್ಲ ಕನಮ್ಮಿ..."

"ಇನ್ನೆಂಗೆ? ನಿನ್ನ ಒತ್ಕೊಳಕಾಯ್ಕಿಲ್ಲ ಅಂತ ನಾನೇನಾರ ಅಂದ್ನಾ? ಗಂಡನ್ನ ನೋಡ್ಕಳಕಾಗ್ದೆ ಸರ್ಕಾರದ್ ಮುಂದೆ ಕೈ ಚಾಚವ್ಳೆ ಅಂತ ನಾಕ್ ಜನ ಆಡ್ಕಳ್ಳಿ ಅಂತ್ಲಾ?"

"ನಂಗೆ ನಾಚ್ಕೆ ಆಯ್ತದೆ."

"ಒತ್ಕೊಳೋ ನಂಗಿಲ್ದಿದ್ ನಾಚ್ಕೆ, ಕುಂತ್ಕಳೋ ನಿಂಗ್ಯಾಕೆ?"

ಜವರಯ್ಯ ಮುದ್ದೆ ಉಂಡು, ಕೈ ತೊಳೆದು, ಮತ್ತೆ ಬರೆಯಲು ಕೂತ. 'ಮಹಾಸ್ವಾಮಿಯವರ ದಿವ್ಯ ಸನ್ನಿಧಾನದಲ್ಲಿ ಕಲ್ಲುಕೊಪ್ಪಲಿನ ಬಡಪ್ರಜೆ ಜವರಯ್ಯನು ಸಾಷ್ಟಾಂಗವೆರಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ' ಎಂದು ಶುರುವಾಯಿತು ಅರ್ಜಿ. (ನಿಲ್ಲಲಾರದವನಿಗೆ ಎರಗುವುದೊಂದು ನಿಜವಾಗಿಯೂ ಸುಲಭ.)

ಅರ್ಜಿ ಹೋಯಿತು. ಒಂದು ಕಚೇರಿಯವರು ಅದನ್ನು ಇನ್ನೊಂದಕ್ಕೆ ಕಳಿಸಿದರು, ಅವರು ಮತ್ತೊಂದಕ್ಕೆ. ನಡೆಯಲಾರದವನ ಕಾಗದ ಜಿಲ್ಲೆಯೆಲ್ಲ ನಡೆದಾಡಿತು. ಒಂದು ವರ್ಷದ ಮೇಲೆ ಬಂದ ಉತ್ತರ ಹೀಗಿತ್ತು: 'ಸದರಿ ಮೆಟ್ಟಿಲುಗಳನ್ನು ಖುದ್ದಾಗಿ ಹತ್ತಿ ಪರಿಶೀಲಿಸಲಾಗಿದೆ. ಹತ್ತಲು ಯಾವ ತೊಂದರೆಯೂ ಕಂಡುಬಂದಿಲ್ಲ.' ಜವರಯ್ಯ ಇನ್ನೊಂದು ಬರೆದ. ಅರ್ಜಿದಾರರು ಕಚೇರಿಗೆ ಬಂದು ಅಹವಾಲು ಹೇಳಿಕೊಳ್ಳತಕ್ಕದ್ದು ಎಂದು ಉತ್ತರ ಬಂತು. ಕಚೇರಿ ಮಹಡಿಯ ಮೇಲಿತ್ತು. ಅಲ್ಲಿಗೂ ಅವನನ್ನು ಹತ್ತಿಸಿದ್ದು ಚಿಕ್ಕಬೋರಮ್ಮನ ಬೆನ್ನೇ. ಸಾಹೇಬರು ಅವಳನ್ನು ನೋಡಿ, "ಇಷ್ಟು ಸಲೀಸಾಗಿ ಬಂದ್ರಲ್ಲ, ಮತ್ತೇನು ತೊಂದರೆ?" ಎಂದು ಕೇಳಿದರು. ಅವಳು ಹಿಗ್ಗಿದಳು. ಅವನು ನೆಲ ನೋಡಿದ.

ಹೀಗೆ ವರ್ಷಗಳು ಹೋದವು. ಕಡೆಗೆ ಒಂದು ಮಾರ್ಚಿಯ ಕೊನೆಯಲ್ಲಿ, ಖರ್ಚಾಗದ ಅನುದಾನ ವಾಪಸ್ಸು ಹೋಗುತ್ತದೆಂದು ಹೆದರಿದ ಯಾರೋ ಗುಮಾಸ್ತರು ಕಡತ ಕೊಡವಿದಾಗ ಜವರಯ್ಯನ ಅರ್ಜಿ ಉದುರಿತು. ಓವರ್ಸಿಯರು ಬಂದ, ಸಿಮೆಂಟು ಬಂತು, ಮೆಟ್ಟಿಲ ಪಕ್ಕದಲ್ಲಿ ನುಣ್ಣಗಿನ ಇಳಿಜಾರು ಎದ್ದಿತು. ಜವರಯ್ಯನಿಗೆ ಆ ವಾರವೆಲ್ಲ ಊಟ ಸೇರಲಿಲ್ಲ, ಅಷ್ಟು ಸಂತೋಷ. ಆದರೆ ತಾಲ್ಲೂಕು ಬೋರ್ಡಿನ ಪ್ರೆಸಿಡೆಂಟರು ಟೇಪು ಕತ್ತರಿಸುವವರೆಗೆ ಯಾರೂ ಅದರ ಮೇಲೆ ಕಾಲಿಡುವಂತಿಲ್ಲ. (ಕಾಲಿಡಲಾರದವನಿಗೂ ಇದು ಅನ್ವಯಿಸುತ್ತದೆ ಎಂದು ಕಾಂಪೌಂಡರ್ ಸಣ್ಣಯ್ಯ ಕಡಾಖಂಡಿತವಾಗಿ ಹೇಳಿದ.) ಪ್ರೆಸಿಡೆಂಟರಿಗೆ ಪುರುಸೊತ್ತಾಗುವ ಹೊತ್ತಿಗೆ ಆಷಾಢ ಬಂತು. ಆಷಾಢದಲ್ಲಿ ಶುಭಕಾರ್ಯ ಮಾಡುತ್ತಾರೆಯೇ? ಶ್ರಾವಣಕ್ಕೆ ಇಟ್ಟುಕೊಂಡರು.

ಶ್ರಾವಣದವರೆಗೆ ಕಾಯಲು ಹೊನ್ನಪ್ಪನಿಗೆ ಆಗಲಿಲ್ಲ. ಹೊನ್ನಪ್ಪ ಊರಿನ ಭಾರಿ ಕುಳ, ಆಳೂ ಭಾರಿ. ಆಷಾಢದ ನಡುವೆ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡ. ಮಕ್ಕಳು ಅವನನ್ನು ಮಂಚದ ಮೇಲೆ ಮಲಗಿಸಿ ಹೊರಗೆ ತಂದು, ಮೆಟ್ಟಿಲು ನೋಡಿದರು, ಅಪ್ಪನನ್ನು ನೋಡಿದರು, ಪಕ್ಕದ ಇಳಿಜಾರು ನೋಡಿದರು. ಅಡ್ಡ ಕಟ್ಟಿದ್ದ ಟೇಪನ್ನು ಕುಡುಗೋಲಿನಿಂದ ಕತ್ತರಿಸಿ ಸರಸರನೆ ಇಳಿದುಬಿಟ್ಟರು. "ಬೋ ಸಲೀಸಾಯ್ತು ಕಣ್ಲಾ" ಎಂದ ಹಿರಿಯ ಮಗ, ಕಣ್ಣೊರೆಸಿಕೊಳ್ಳುತ್ತ.

ಹೀಗೆ ಇಳಿಜಾರಿನ ಉದ್ಘಾಟನೆಯಾಯಿತು. ಸಂಜೆಯ ಹೊತ್ತಿಗೆ ಅದಕ್ಕೆ ಹೆಣದ ದಾರಿ ಎಂದು ಹೆಸರೂ ಬಿತ್ತು. ಬಸುರಿಯರು ಅತ್ತ ಮುಖ ಹಾಕಲಿಲ್ಲ. ಊರುಗೋಲಿನ ಮುದುಕರು ಅದರ ಪಕ್ಕದಲ್ಲೇ ಅಂಬೆಗಾಲಿಟ್ಟು ಮೆಟ್ಟಿಲು ಹತ್ತಿದರು. ಪ್ರೆಸಿಡೆಂಟರಿಗೆ ಶ್ರಾವಣದ ಆ ದಿನ ಸರಿಯಾಗಿ ಜ್ವರ ಬಂತು.

ಜವರಯ್ಯ ಕಾಯುವಷ್ಟು ಕಾದ. ಒಂದು ಬೆಳಿಗ್ಗೆ ಹೆಂಡತಿ ಗದ್ದೆಗೆ ಹೋಗಿದ್ದಾಗ ಪಕ್ಕದ ಮನೆಯವನಿಂದ ಹೊಸಿಲು ದಾಟಿಸಿಕೊಂಡು, ಹಲಗೆ ಏರಿ ಒಬ್ಬನೇ ಹೊರಟ. ಇಳಿಜಾರಿನ ಬುಡದಲ್ಲಿ ಒಂದು ಗಳಿಗೆ ಹಲಗೆ ನಿಲ್ಲಿಸಿ ಉಸಿರೆಳೆದುಕೊಂಡ. ಒತ್ತಿದ. ಗಾಲಿ ಏರಿತು. ರಟ್ಟೆ ನಡುಗಿತು, ಬೆವರು ಕಣ್ಣಿಗಿಳಿಯಿತು, ಅರ್ಧದಲ್ಲಿ ಹಲಗೆ ಹಿಂದಕ್ಕೆ ಜಾರಿತು; ಹಲ್ಲು ಕಚ್ಚಿ ಮತ್ತೆ ಒತ್ತಿದ. ಆಸ್ಪತ್ರೆಯ ಬಾಗಿಲನ್ನು ಅವನು ಯಾರ ತುರುಬಿನ ಅಡ್ಡವೂ ಇಲ್ಲದೆ ನೋಡಿದ್ದು ಅದೇ ಮೊದಲು. ಒಳಗೆ ಹೋದ. ಜಗಲಿಯಲ್ಲಿ ಯಾರೂ ಕುದುರೆಯ ಮಾತೆತ್ತಲಿಲ್ಲ. ಎಲ್ಲರೂ ಎದ್ದು ದೂರ ಸರಿದರು. ಅವನಿಗೆ ಅದೂ ಮರ್ಯಾದೆಯ ಹಾಗೆಯೇ ಕಂಡಿತು.

ಮನೆಗೆ ಬಂದರೆ ಚಿಕ್ಕಬೋರಮ್ಮ ಬಾಗಿಲಲ್ಲಿ ಅಡ್ಡ ಕೂತಿದ್ದಳು. ಸುದ್ದಿ ಅವನಿಗಿಂತ ಮೊದಲು ಗದ್ದೆ ಮುಟ್ಟಿತ್ತು.

"ಅಲ್ಲೇ ಇರು. ಒಸ್ಲು ಮುಟ್ಬೇಡ. ಸಾವಿಗೋಗಿ ಬಂದೋರು ಮೀಯ್ದೆ ಒಳೀಕ್ ಬತ್ತಾರಾ?"

"ನಾನು ಆಸ್ಪತ್ರೆಗೋಗಿದ್ದೆ ಕನಮ್ಮಿ."

"ಯಾವ್ ದಾರೀಲಿ?"

ಬಾವಿಯ ತಣ್ಣೀರು ಬಿಂದಿಗೆ ಬಿಂದಿಗೆ ತಲೆಯ ಮೇಲೆ ಸುರಿಯಿತು. ಆಗಷ್ಟೇ ಕಟ್ಟಿಸಿಕೊಂಡು ಬಂದಿದ್ದ ಪಟ್ಟಿ ನೆನೆದು ಕಿತ್ತುಬಂತು.

"ಅದು ಸಿಮೆಂಟು ಕನಮ್ಮಿ. ಸಿಮೆಂಟಿಗೆ ಸಾವು ಅಂಟ್ಕೊಳ್ಳಕಿಲ್ಲ" ಎಂದ ನಡುಗುತ್ತ.

"ಅಂಟ್ಕಂಡ್ರೆ ನಿಂಗೇನು? ಓಗೋನು ಓಯ್ತೀಯ. ಉಳ್ಯೋಳು ನಾನು." ಬಿಂದಿಗೆ ಕೆಳಗಿಟ್ಟು ಅವಳು ಅಂಗಳದಲ್ಲೇ ಕುಸಿದು ಕೂತು ಅತ್ತಳು. "ಇಷ್ಟ್ ವರ್ಸ ಒತ್ತಿದ್ದು ಯಾಕೆ? ನೀನು ಉಸ್ರಾಡ್ಕಂಡ್ ಕಣ್ಮುಂದೆ ಇರ್ಲಿ ಅಂತ. ನೀನ್ ನೋಡುದ್ರೆ ಎಣ ಓದ್ ದಾರೀನ ನಿನ್ ಕೈಯಾರೆ ಸವೆಸ್ತಾ ಇದ್ದೀಯ."

ಗಾಡಿ ಮಗುಚಿದ ದಿನವೂ ಅವಳು ಹೀಗೆ ಅತ್ತದ್ದನ್ನು ಅವನು ಕಂಡಿರಲಿಲ್ಲ. ಅಷ್ಟರಲ್ಲಿ ಊರ ಯಜಮಾನ ಕೆಂಪಣ್ಣ ನಾಲ್ಕು ಜನರೊಡನೆ ಅಂಗಳಕ್ಕೆ ಬಂದ.

"ಜವರಾ, ಆ ಜಾರು ಒಡ್ಸಾಕ್ಬೇಕು ಕಣ್ಲಾ. ಊರ್ಗೆ ಆಗ್ಬರಕಿಲ್ಲ. ಒಂದು ಅರ್ಜಿ ಬರ್ಕೊಡು."

"ನಾನಾ?"

"ಊರಲ್ಲಿ ಬರ್ಯೋನು ಇನ್ಯಾರವ್ನೆ?"

ಜವರಯ್ಯ ಹೆಂಡತಿಯ ಮುಖ ನೋಡಿದ. ಅವಳು ಒಳಗೆ ಹೋಗಿ ಕಾಗದ, ಶಾಯಿ ತಂದು ಮುಂದಿಟ್ಟಳು. ಒದ್ದೆ ಪಂಚೆಯಲ್ಲೇ ಕೂತು ಅವನು ತನ್ನ ಇಳಿಜಾರಿನ ಮರಣಶಾಸನ ಬರೆದ. ಅವನ ಕೈಯಿಂದ ಅಷ್ಟು ಸೊಗಸಾದ ಅರ್ಜಿ ಹಿಂದೆಂದೂ ಬಂದಿರಲಿಲ್ಲ ಎಂದು ಕೆಂಪಣ್ಣ ಮೆಚ್ಚಿದ. ಮೊದಲ ಹೆಬ್ಬೆಟ್ಟು ಚಿಕ್ಕಬೋರಮ್ಮನದು. ಆಮೇಲೆ ಅವಳು ಗಂಡನನ್ನು ಎತ್ತಿ ಒಳಗೆ ಕೂರಿಸಿ, ಮೈ ಒರೆಸಿ, ಬಿಸಿ ಸಾರು ಬಡಿಸಿದಳು.

ಕಟ್ಟಲು ವರ್ಷಗಟ್ಟಲೆ ಬೇಕಾದ ಸರ್ಕಾರಕ್ಕೆ ಒಡೆಯಲು ವಾರವೂ ಬೇಕಾಗಲಿಲ್ಲ. 'ಸಾರ್ವಜನಿಕರ ತೊಂದರೆಯನ್ನು ಮನಗಂಡು' ಎಂಬ ಆದೇಶದ ಹಿಂದೆಯೇ ಹಾರೆಗಳು ಬಂದವು.

ಮುಂದಿನ ಸಲ ಪಟ್ಟಿ ಕಟ್ಟಿಸಲು ಹೋದಾಗ ಚಿಕ್ಕಬೋರಮ್ಮ ಮೊದಲಿನಂತೆ ನೆರಿಗೆ ಸಿಕ್ಕಿಸಿ ಬೆನ್ನು ಕೊಟ್ಟಳು. ಅವನು ಕತ್ತು ಹಿಡಿದುಕೊಂಡ. ಆದರೆ ವಯಸ್ಸು ಅವಳಿಗೂ ಆಗಿತ್ತು. ಅದನ್ನು ಅವರಿಬ್ಬರೂ ಗಮನಿಸಿರಲಿಲ್ಲ. ಅರ್ಧ ಹತ್ತಿದಾಗ ಅವಳ ಮಂಡಿ ಲಟಕ್ಕೆಂದಿತು. ಇಬ್ಬರೂ ಉರುಳಿ ಬುಡಕ್ಕೆ ಬಿದ್ದರು. ಅವನು ಬಿದ್ದದ್ದು ಅವಳ ಮೇಲೆ, ಹಾಗಾಗಿ ಅವನಿಗೇನೂ ಆಗಲಿಲ್ಲ.

ಜಗಲಿಯಲ್ಲಿದ್ದವರು ಓಡಿಬಂದು ಅವಳನ್ನು ಎತ್ತಿ ಮೇಲೆ ಒಯ್ಯಲು ನೋಡಿದರು. ಎರಡನೇ ಮೆಟ್ಟಿಲಿಗೇ ಸುಸ್ತಾಗಿ ಇಳಿಸಿಬಿಟ್ಟರು. ಕೊನೆಗೆ ಡಾಕ್ಟರೇ ಕೆಳಗಿಳಿದು ಬಂದು ಮುರಿದ ಕಾಲಿಗೆ ದಬ್ಬೆ ಕಟ್ಟಿದರು. "ಇನ್ನು ಮೇಲೆ ಭಾರ ಹೊರೋ ಹಾಗಿಲ್ಲಮ್ಮ. ವಾರ ವಾರ ಬಂದು ತೋರಿಸ್ಬೇಕು" ಎಂದು ಹೇಳಿ ಮೆಟ್ಟಿಲು ಹತ್ತಿ ಹೋದರು.

ಗಂಡ ಹೆಂಡತಿ ನೆಲದ ಮೇಲೆ ಅಕ್ಕಪಕ್ಕ ಕೂತರು. ಮನೆಗೆ ಒಯ್ಯಲು ಗಾಡಿ ಬರಬೇಕಿತ್ತು. ಅವಳ ಬೆನ್ನಿಗೆ ನಾಚಿದ್ದಕ್ಕೆ ಜವರಯ್ಯನಿಗೆ ಈಗ ನಾಚಿಕೆಯಾಯಿತು. ಚಿಕ್ಕಬೋರಮ್ಮ ನೋವಿಗೆ ಹಲ್ಲು ಕಚ್ಚಿಕೊಂಡು, ಮೆಟ್ಟಿಲ ಪಕ್ಕ ರಾಶಿ ಬಿದ್ದಿದ್ದ ಸಿಮೆಂಟಿನ ಚೂರುಗಳನ್ನೇ ನೋಡುತ್ತಿದ್ದಳು.

"ಒಂದ್ ಅರ್ಜಿ ಬರಿ" ಎಂದಳು.

"ಏನಂತ ಬರೀಲಮ್ಮಿ?"

"ಈ ಸರ್ತಿ ಒಸಿ ಅಗ್ಲುಕ್ಕೆ ಕಟ್ಟಿ ಅಂತ. ಎಲ್ಡು ಹಲ್ಗೆ ಜೊತೇಲಿ ಓಗಂಗಿರ್ಬೇಕು."