ಗ್ವಾಡಿಗಿ ಮೊಳಿ ಬಡೀಬ್ಯಾಡ್ರಿ

ಪ್ರತಿಯೊಬ್ಬ ಮನುಷ್ಯನಿಗೂ ಜೀವನದಲ್ಲಿ ಒಂದು ಮಾತನ್ನು ಗತ್ತಿನಿಂದ ಹೇಳಬೇಕೆಂಬ ಆಸೆ ಇರುತ್ತದೆ. ಕೆಲವರಿಗೆ ಮೇಲಧಿಕಾರಿಯ ಮುಂದೆ ನಿಂತು ‘ನಿಮ್ಮ ನೌಕರಿ ನೀವೇ ಇಟ್ಕೊಳ್ರಿ’ ಎನ್ನುವ ಆಸೆ. ಕೆಲವರಿಗೆ ಹೋಟೆಲಿನಲ್ಲಿ ‘ಎಲ್ಲರ ಬಿಲ್ಲೂ ನಂದೇ’ ಎನ್ನುವ ಆಸೆ. ನನ್ನದು ಅಂಥ ದುಬಾರಿ ಆಸೆಯಲ್ಲ. ಸೊಂಟದ ಮೇಲೆ ಕೈಯಿಟ್ಟು, ಒಮ್ಮೆ ಕೆಮ್ಮಿ, ನನ್ನ ಬಾಡಿಗೆದಾರನಿಗೆ ‘ಗ್ವಾಡಿಗಿ ಮೊಳಿ ಬಡೀಬ್ಯಾಡ್ರಿ’ ಎನ್ನಬೇಕು. ಒಂದೇ ಒಂದು ಸಲ ಸಾಕು. ಈ ಮಾತನ್ನು ಅರ್ಧ ಆಯುಷ್ಯ ಕೇಳಿಸಿಕೊಂಡವನಿಗೆ ಒಮ್ಮೆಯಾದರೂ ಅದನ್ನು ಆಡುವ ಹಕ್ಕು ಬೇಡವೇ?

ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ದಿನವಿಡೀ ಮೈಕಿನಲ್ಲಿ ‘ಸುರಪುರ, ಕೆಂಭಾವಿ ಕಡೆ ಹೋಗುವ ಪ್ರಯಾಣಿಕರು’ ಎಂದು ನಾನು ಕೂಗಿದರೆ ಮಲಗಿದ ನಾಯಿಯೂ ಎದ್ದು ಪ್ಲಾಟ್‌ಫಾರಂ ಬದಲಿಸುತ್ತದೆ. ಆದರೆ ಡ್ಯೂಟಿ ಮುಗಿಸಿ ಬಾಡಿಗೆ ಮನೆಯ ಹೊಸ್ತಿಲು ದಾಟಿದೊಡನೆ ನನ್ನ ದನಿ ಅಡಗುತ್ತಿತ್ತು. ಯಾದಗಿರಿಯಲ್ಲಿದ್ದಾಗ ಮನೆ ಮಾಲಕರು ನಳದ ಎದುರು ಕುರ್ಚಿ ಹಾಕಿಕೊಂಡು ಕೂತು ನಮ್ಮ ಕೊಡಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಸುರಪುರದ ಮಾಲಕರದು ಬಲು ಚುರುಕು ಕಿವಿ. ನಾನು ಒಳಗೆ ಅಡಿಕೆ ಒಡೆದರೂ ಬಾಗಿಲಿಗೆ ಬಂದು, ಕೆಮ್ಮಿ, “ಸಾಹೇಬ್ರ, ಗ್ವಾಡಿಗಿ ಮೊಳಿ ಬಡೀಬ್ಯಾಡ್ರಿ” ಎನ್ನುತ್ತಿದ್ದರು. ಹೀಗಾಗಿ ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲದೆ ನಮ್ಮ ಕ್ಯಾಲೆಂಡರ್ ಕಿಟಕಿಯ ಸರಳಿಗೆ ತೂಗುತ್ತಿತ್ತು. ಗಾಳಿ ಬೀಸಿದರೆ ತಿಂಗಳೇ ಬದಲಾಗುತ್ತಿತ್ತು. ಮನೆದೇವರು ಮಲ್ಲಯ್ಯನ ಫೋಟೋ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಕೂತಿತ್ತು. ನನ್ನ ಹೆಂಡತಿ ಮಹಾದೇವಿ ರೊಟ್ಟಿ ಬಡಿಯುವ ಮೊದಲು ಕೈಮುಗಿದು, ದೇವರನ್ನು ಕೆಳಗಿಳಿಸಿ, ಆಮೇಲೆ ಹಿಟ್ಟು ತೆಗೆಯುತ್ತಿದ್ದಳು. ಅವಳಷ್ಟು ಭಕ್ತಿಯಿಂದ ಅಡುಗೆ ಮಾಡಿದವರು ಸುರಪುರದಲ್ಲಿ ಯಾರೂ ಇರಲಿಕ್ಕಿಲ್ಲ.

ಕಡೆಗೆ ಶಹಾಪುರದಲ್ಲಿ ನಮ್ಮದೇ ಮನೆಯಾಯಿತು. ಜಾಗ ಕೊಟ್ಟವರು ಸಗರದ ನಮ್ಮ ಮಾವನವರು. ಅದರ ಮೇಲೆ ಸಾಲ ಮಾಡಿ ಮನೆ ಎಬ್ಬಿಸಿದವನು ನಾನು. ಮೊನ್ನೆ ಮೊನ್ನೆ ಅದರ ಮೇಲೊಂದು ಮಾಳಿಗೆಯೂ ಎದ್ದಿತು, ಬಾಡಿಗೆಗೆಂದೇ! ಸಿಮೆಂಟಿನ ವಾಸನೆ ಆರುವ ಮುಂಚೆಯೇ ‘ಮನೆ ಬಾಡಿಗೆಗೆ ಇದೆ’ ಎಂದು ಬೋರ್ಡು ಬರೆಸಿ ತೂಗುಹಾಕಿದೆ. ಎದುರಿನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಿಂತು ಅದನ್ನು ಪರವೂರಿನವನ ಹಾಗೆ ಓದಿದೆ. “ಯಾರದ್ರೀ ಮನಿ?” ಎಂದು ಕಿರಾಣಿಯವನನ್ನೇ ಕೇಳಿದೆ. ಅವನು ನನಗೆ ಬಿಸಿಲು ತಾಗಿರಬೇಕೆಂದು ನೀರು ಕೊಟ್ಟ. ಏನು ಹೇಳಲಿ, ಆ ವಾರವೆಲ್ಲ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಕನ್ನಡಿಯ ಮುಂದೆ ಮಾಲಕರ ಕೆಮ್ಮನ್ನು ರೂಢಿಸಿಕೊಳ್ಳುತ್ತಿದ್ದೆ. ಮಹಾದೇವಿ ಎರಡು ದಿನ ಶುಂಠಿ ಕಷಾಯ ಕುಡಿಸಿದಳು.

ಅವಳು ಒಂದು ಕಟ್ಟುನಿಟ್ಟಿನ ಸೂಚನೆಯನ್ನೂ ಕೊಟ್ಟಿದ್ದಳು. “ನೋಡ್ರಿ, ಮನಿ ನೋಡಾಕ ಬಂದವ್ರಿಗಿ ನೌಕರಿ ಏನಂತ ಕೇಳ್ರಿ, ಎಷ್ಟು ಮಂದಿ ಅದಾರ ಕೇಳ್ರಿ. ಯಾವೂರು ಅಂತ ಮಾತ್ರ ಕೇಳಬ್ಯಾಡ್ರಿ. ನಿಮ್ಮ ಬಾಯಿ ನನಗ ಗೊತ್ತದ.” ನಮ್ಮ ಸೀಮೆಯಲ್ಲಿ ಊರು ಕೇಳುವುದು ಸಾಮಾನ್ಯ ಪ್ರಶ್ನೆಯಲ್ಲ. ಮೊದಲು ಯಾವೂರು, ಆಮೇಲೆ ಅಲ್ಲಿ ಯಾರ ಪೈಕಿ, ಆಮೇಲೆ ಹೆಣ್ಣು ಎಲ್ಲಿಂದ ತಂದದ್ದು ಎಂಬುದನ್ನು ಕೇಳುವಷ್ಟರಲ್ಲಿ ಎದುರಿಗಿದ್ದವನು ನೆಂಟನಾಗಿರುತ್ತಾನೆ. ನಾನು ಬಸ್‌ ನಿಲ್ದಾಣದಲ್ಲಿ ಚಿಲ್ಲರೆಗೆ ಜಗಳ ತೆಗೆದವನನ್ನೂ ಹೀಗೆ ಕೇಳಿ, ಕೊನೆಗೆ ಅವನ ಮಗಳ ಮದುವೆಗೆ ಹೋಗಿ ಉಂಡು ಬಂದವನು.

ಮನೆ ನೋಡಲು ವೀರೇಶ ಎಂಬ ತರುಣ ಬಂದ. ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ, ಗಂಡ ಹೆಂಡತಿ ಇಬ್ಬರೇ. ಬಚ್ಚಲು ತೋರಿಸಿದೆ, ನಳ ತಿರುಗಿಸಿದೆ. ಕೆಳಗೆ ಕೂಡಿಸಿ ನೀರು ಕೊಟ್ಟೆ. ಕೇಳುವುದೆಲ್ಲ ಮುಗಿಯಿತು. ಇಬ್ಬರೂ ಸುಮ್ಮನೆ ಕೂತೆವು. ಅಬ್ಬಾ, ಆ ಮೌನ! ನಾಲಿಗೆಯನ್ನು ಹಲ್ಲಿನಿಂದ ಹಿಡಿದುಕೊಂಡು ಕೂತಿದ್ದೆ. ಫ್ಯಾನು ತಿರುಗುತ್ತಿತ್ತು. ತಡೆಯಲಾಗಲಿಲ್ಲ.

“ಯಾವೂರ್ರೀ ನಿಮ್ದು?”

ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು.

“ಸುರಪುರ ರೀ” ಎಂದ. ನನಗೆ ಹೋದ ಜೀವ ಬಂದ ಹಾಗಾಯಿತು. ಸುರಪುರದಲ್ಲಿ ನನಗೆ ಹಳೆಯ ಮಾಲಕರನ್ನು ಬಿಟ್ಟರೆ ಯಾರೂ ಇಲ್ಲ. ಆದರೆ ಪುಣ್ಯಾತ್ಮ ಅಲ್ಲಿಗೇ ನಿಲ್ಲಿಸದೆ, “ಹೆಣ್ತಿ ತವರ್ಮನಿ ಕೆಂಭಾವಿ ರೀ” ಎಂದು ಸೇರಿಸಿದ. ಕೆಂಭಾವಿ ಎಂದರೆ ನಮ್ಮ ಮೂಲ ಊರು! ನಾನು ಕುರ್ಚಿಯ ತುದಿಗೆ ಬಂದೆ. “ಕೆಂಭಾವ್ಯಾಗ ಯಾರ ಪೈಕಿ?” ಎಂದೆ. ಅವನು ಹೇಳಿದ. ಆ ಮನೆ ನನ್ನ ಅಜ್ಜನ ಅಣ್ಣನದು. ಪಾಲಾದ ಮೇಲೆ ಹೋಗಿಬರುವುದು ತಪ್ಪಿತ್ತು, ಅಷ್ಟೇ. ಅವನ ಹೆಂಡತಿ ಸುವರ್ಣಾ ಆ ಅಜ್ಜನ ಮರಿಮಗಳು. ಲೆಕ್ಕ ಹಾಕಿದರೆ ನನಗೆ ಮಗಳಾಗಬೇಕು. “ಏ, ನೀ ನಮ್ಮ ಅಳಿಯ ಅಲ್ಲೋ ಮಾರಾಯಾ!” ಎಂದು ನಾನು ಎದ್ದು ಅವನನ್ನು ತಬ್ಬಿಕೊಂಡೇಬಿಟ್ಟೆ. ಅವನೂ ಬಗ್ಗಿ ನನ್ನ ಕಾಲು ಮುಟ್ಟಿ, “ಹೌದೇನ್ರಿ ಮಾಮಾ?” ಎಂದ.

ಅಳಿಯ ಮೊದಲ ಸಲ ಮನೆಗೆ ಬಂದಾಗ ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅವನಿಗೊಂದು ಟವೆಲ್ಲು, ಟೊಪ್ಪಿಗೆ, ಸುವರ್ಣಾಳಿಗೊಂದು ಕುಬಸದ ಬಟ್ಟೆ ಆಹೇರಿ ಮಾಡಿದೆವು. ಅಡ್ವಾನ್ಸ್ ಕೊಡಲು ಬಂದವನು ಟೊಪ್ಪಿಗೆ ಹಾಕಿಕೊಂಡು, ಶಾವಿಗೆ ಪಾಯಸ ಉಂಡು ಹೋದ. ಬಾಗಿಲು ಹಾಕಿದ ಮೇಲೆ ಮಹಾದೇವಿ ನನ್ನ ಕಡೆ ತಿರುಗಿದಳು.

“ನೀವು ಮನಿ ಬಾಡಿಗಿ ಕೊಡಾಕತ್ತೀರೋ, ಮಗಳ್ನ ಕೊಡಾಕತ್ತೀರೋ?”

ಹಾಗೆಂದು ವೀರೇಶನನ್ನು ಬೈಯುವಂತಿಲ್ಲ. ಬಾಡಿಗೆಯನ್ನು ತಪ್ಪದೆ ಕಳಿಸುತ್ತಾನೆ. ಅದು ಮಹಾದೇವಿಯ ಫೋನಿಗೆ ಹೋಗುತ್ತದೆ ಎನ್ನುವುದು ಬೇರೆ ಮಾತು. ಆದರೆ ಸಾಮಾನು ಇಳಿಸಿದ ದಿನವೇ ಮೇಲಿನಿಂದ ಠಣ್ ಎಂಬ ಸದ್ದು ಬಂತು. ನನ್ನ ಹೊಸ ಗೋಡೆ! ಆದರೂ ಒಳಗೊಳಗೇ ಎಂಥದೋ ಹಿಗ್ಗು. ನನ್ನ ಗಳಿಗೆ ಬಂತು ಎಂದುಕೊಂಡೆ. ಮೆಟ್ಟಿಲು ಹತ್ತಿ ಕೆಮ್ಮಿದೆ. ಒಳಗಿನಿಂದ ಸುವರ್ಣಾ, “ಕಾಕಾ ಬಂದ್ರು, ಕಾಕಾ ಬಂದ್ರು, ಚಾ ಇಡ್ತೀನಿ” ಎಂದು ಓಡಿ ಬಂದಳು. ಚಹಾ ಕುಡಿದು ಇಳಿದೆ. ಮರುದಿನ ಮತ್ತೆ ಠಣ್. ಮತ್ತೆ ಹೋದೆ, ಮಂಡಕ್ಕಿ ಸೂಸಲಾ ತಿಂದು ಇಳಿದೆ. ಹೀಗೇ ನಡೆದರೆ ಗೋಡೆಗಿಂತ ಮೊದಲು ನನ್ನ ಹೊಟ್ಟೆ ಕೆಡುತ್ತಿತ್ತು.

ಬಸ್‌ ನಿಲ್ದಾಣದ ಕ್ಯಾಬಿನ್ನಿನಲ್ಲಿ ಕೂತು ಅಭ್ಯಾಸ ಶುರು ಮಾಡಿದೆ. ಕೈ ಸೊಂಟಕ್ಕೆ ಬಂತು, ಕೆಮ್ಮು ಬಂತು, “ಗ್ವಾಡಿಗಿ ಮೊಳಿ ಬಡೀಬ್ಯಾಡ್ರಿ!” ಎಂಬ ಮಾತೂ ಖಡಕ್ಕಾಗಿ ಬಂತು. ಎಷ್ಟು ಖಡಕ್ಕಾಗಿ ಎಂದರೆ ಇಡೀ ನಿಲ್ದಾಣ ನನ್ನ ಕಡೆ ತಿರುಗಿ ನೋಡಿತು. ಮೈಕು ಆನ್ ಇತ್ತು. ಬುಟ್ಟಿ ಹೊತ್ತ ಒಬ್ಬ ಅಜ್ಜಿ ಕಿಟಕಿಗೆ ಬಂದು, “ಯಪ್ಪಾ, ಈ ಗ್ವಾಡಿಗಿ ಬಸ್ಸು ಕೆಂಭಾವಿ ಮ್ಯಾಲೆ ಹೋಗ್ತದೇನು?” ಎಂದು ಕೇಳಿದಳು. ನಾಚಿಕೆಯಾಯಿತು ನಿಜ, ಆದರೆ ಮಾತು ಬಾಯಿಗೆ ಬಂದಿದ್ದಕ್ಕೆ ಭಾರಿ ಹುರುಪೂ ಬಂತು. ಆ ಹುರುಪಿನಲ್ಲೇ ಭಾನುವಾರ ಮೆಟ್ಟಿಲು ಹತ್ತಿದೆ. ಚಹಾ ಬೇಡವೆಂದೆ. ವೀರೇಶ ಸುತ್ತಿಗೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ.

“ವೀರೇಶ, ಗ್ವಾಡಿಗಿ...” ಎಂದು ಶುರು ಮಾಡಿದೆ.

“ಛಲೋ ಬಂದ್ರಿ ಮಾಮಾ, ಈ ಸ್ಟೂಲು ಅಲಗಾಡಾಕತ್ತದ, ಜರಾ ಹಿಡೀರಿ. ಕೆಂಭಾವಿಯಿಂದ ಇದು ತರಿಸೀನಿ” ಎಂದು ಒಂದು ಫೋಟೋ ನನ್ನ ಕೈಗೆ ಕೊಟ್ಟ. ರುಮಾಲು ಸುತ್ತಿದ ಇಬ್ಬರು ಒಂದೇ ಬೆಂಚಿನ ಮೇಲೆ ಕೂತಿದ್ದರು. ಒಬ್ಬ ಸುವರ್ಣಾಳ ಮುತ್ತಜ್ಜ. ಇನ್ನೊಬ್ಬ ನನ್ನ ಅಜ್ಜ! ನಮ್ಮ ಮನೆಯಲ್ಲಿ ಅಜ್ಜನ ಒಂದು ಫೋಟೋ ಕೂಡ ಇರಲಿಲ್ಲ. ಅವನ ಮೂಗು ನನ್ನ ಮೂಗೇ. ಕಣ್ಣು ತುಂಬಿ ಬಂತು. ಅಜ್ಜನಿಗೆ ‘ಗೋಡೆಗೆ ಬರಬೇಡ’ ಎಂದು ಯಾವ ಬಾಯಿಂದ ಹೇಳಲಿ? ಸ್ಟೂಲು ಹಿಡಿದೆ. “ಜರಾ ಎಡಕ್ಕ ಬಡಿ” ಎಂದೂ ಹೇಳಿದೆ.

ಕೆಳಗಿಳಿದು ಬಂದರೆ ನಮ್ಮ ಪಡಸಾಲೆಯಲ್ಲೂ ಠಣ್! ಮಹಾದೇವಿ ಸ್ಟೂಲು ಹತ್ತಿ ಮಲ್ಲಯ್ಯನ ಫೋಟೋ ಹಾಕಲು ಮೊಳೆ ಬಡಿಯುತ್ತಿದ್ದಳು. ಇಷ್ಟು ದಿನ ಒತ್ತಿಟ್ಟುಕೊಂಡದ್ದು ಒಮ್ಮೆಲೇ ಹೊರಬಿತ್ತು. ಸೊಂಟದ ಮೇಲೆ ಕೈಯಿಟ್ಟು, ಕೆಮ್ಮಿ, ನಿಲ್ದಾಣದ ದನಿಯಲ್ಲಿ ಕೂಗಿದೆ: “ಗ್ವಾಡಿಗಿ ಮೊಳಿ ಬಡೀಬ್ಯಾಡ್ರಿ!”

ಆಹಾ, ಎಂಥ ಸುಖ! ಮಹಾದೇವಿ ನಿಧಾನವಾಗಿ ತಿರುಗಿದಳು.

“ಯಾರ್ರೀ ಹೇಳವ್ರು? ಜಾಗಾ ನಮ್ಮಪ್ಪ ಕೊಟ್ಟಿದ್ದು ನನ್ನ ಹೆಸರಿಗೆ. ಮ್ಯಾಲಿನವ್ರು ಬಾಡಿಗಿ ಕೊಟ್ಟು ಅದಾರ. ನೀವು ಅದೂ ಇಲ್ಲದ ಇರಾಕತ್ತೀರಿ. ಸುಮ್ಮನ ಸ್ಟೂಲು ಹಿಡೀರಿ.”

ಹಿಡಿದೆ. ಹಿಡಿದುಕೊಂಡೇ ಒಂದು ತೀರ್ಮಾನಕ್ಕೆ ಬಂದೆ. ಮಾಳಿಗೆ ಯಾವಾಗಲಾದರೂ ಖಾಲಿಯಾದರೆ ಮೊದಲು ಬಾಡಿಗೆಗೆ ಕೇಳುವವನು ನಾನೇ. ಮಾಲಕರು ಊರು ಕೇಳಿದರೆ ಕೆಂಭಾವಿ ಎನ್ನುತ್ತೇನೆ, ಹೆಣ್ಣು ಸಗರದಿಂದ ತಂದದ್ದು ಎನ್ನುತ್ತೇನೆ. ಸಂಬಂಧ ಹೇಗೂ ಇದೆ, ಒಂದು ಟವೆಲ್ಲಾದರೂ ಸಿಗಬಹುದು.