ರೇಸರ್‌ನ ಅಕ್ಕನ ಗಂಡ

ಜುಲೈ ಒಂಬತ್ತು. ಬೆಳಗಿನಿಂದ ಮಳೆ, ಗಾಳಿ ಇಲ್ಲ.

ಹೆಂಡತಿಯ ತಮ್ಮ ಬೈಕ್ ರೇಸರ್ ಆಗಿದ್ದರೆ ಇವತ್ತಿನಂಥವು ಆಗುತ್ತಲೇ ಇರುತ್ತವೆ. ನಮ್ಮವನು ಮುಂಡಗೋಡ ಕಡೆಯ ಇಂದೂರಿನವನು. ಚೆನ್ನೈ, ಕೊಯಮತ್ತೂರಿನ ಟ್ರ್ಯಾಕ್‌ಗಳಲ್ಲಿ ಒಂದು ತಂಡದ ಪರವಾಗಿ ಓಡಿಸುತ್ತಾನೆ. ಅದಕ್ಕೆ ಸಂಬಳವೂ ಇದೆ. ನಾನು ದಾಂಡೇಲಿಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಗುಮಾಸ್ತ. ಅವನಿಗೆ ಗಾಡಿ ಕಲಿಸಿದ್ದು ನಾನು, ಅತ್ತಿವೇರಿ ರಸ್ತೆಯಲ್ಲಿ, ನನ್ನ ಗಾಡಿಯ ಮೇಲೆ. ಇಷ್ಟು ವರ್ಷ ನನಗೆ ಬೇಕಾಗಿದ್ದು ಒಂದೇ. ಗಾಡಿಯ ವಿಷಯದಲ್ಲಿ ಹೆಂಡತಿಯ ಬಾಯಿಂದ ನನಗೂ ಒಂದು ಒಳ್ಳೆಯ ಮಾತು.

೧. ಸನ್ಮಾನ

ಹಳಿಯಾಳದಲ್ಲಿ ಅವನಿಗೆ ಶಾಲು ಹೊದಿಸಿದರು. ನಾನೂ ಹೆಂಡತಿಯೂ ಮುಂದಿನ ಸಾಲಿನಲ್ಲಿದ್ದೆವು. ಗುರುವಿನ ಹೆಸರು ಬರುತ್ತದೆಂದು ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ. ಬಂತು.

"ನನಗ ಗಾಡಿ ಕಲಿಸಿದವರು ನಮ್ಮ ಮಾಮಾ," ಎಂದ ಮೈಕಿನಲ್ಲಿ. "ಎಲ್ಲೆಲ್ಲಿ ಬ್ರೇಕ್ ಹಿಡೀಬಾರದು ಅನ್ನೂದನ್ನ ಅವರನ್ನ ನೋಡೇ ಕಲತೆ."

ಚಪ್ಪಾಳೆ ಬಿತ್ತು. ಎಲ್ಲರೂ ನಿಲ್ಲಿಸಿದ ಮೇಲೂ ಒಬ್ಬರು ಹೊಡೆಯುತ್ತಿದ್ದರು. ತಿರುಗಿ ನೋಡಬೇಕಾಗಿರಲಿಲ್ಲ, ಪಕ್ಕದ ಕುರ್ಚಿಯೇ.

೨. ಷೋಕೇಸು

ತಿರುವಿನಲ್ಲಿ ಗಾಡಿ ಮಲಗಿಸಿದಾಗ ರೇಸರ್‌ಗಳ ಮೊಣಕಾಲು ನೆಲಕ್ಕೆ ತಾಗುತ್ತದೆ. ಅದಕ್ಕಾಗಿ ಉಡುಪಿನ ಮೊಣಕಾಲಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಅವನು ಮೊದಲ ಸಲ ಗೆದ್ದಾಗಿನ ಸವೆದ ಬಿಲ್ಲೆಯನ್ನು ಅಕ್ಕನಿಗೆ ತಂದುಕೊಟ್ಟ. ಅವಳು ಅದನ್ನು ಷೋಕೇಸಿನ ನಡುವೆ ಇಟ್ಟಳು. ಇಪ್ಪತ್ತು ವರ್ಷದ ಸೇವೆಗೆಂದು ನನಗೆ ಕೊಟ್ಟ ಗಡಿಯಾರ ಅಡುಗೆಮನೆಗೆ ಹೋಯಿತು.

"ಅದನ್ಯಾಕ ತಗದಿ?" ಎಂದೆ.

"ಅದು ಹೆಂಗೂ ನಿಂತೈತಲ್ಲರಿ."

ಪಕ್ಕದ ಮನೆಯಾಕೆ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೆಂಡತಿ ಬಹಳ ಅಭಿಮಾನದಿಂದ ವಿವರಿಸಿದಳು.

"ಅಲ್ರಿ ವೈನಿ," ಎಂದಳು ಆಕೆ, "ನಮ್ಮ ಮನಿಯವರೂ ವಾರಕ್ಕೊಮ್ಮೆ ಕುಡದು ರಸ್ತೆಗೆ ಮೊಣಕಾಲ ತಿಕ್ಕಿ ಬರ್ತಾರ. ಅವರನ್ನ ಎಲ್ಲಿಡ್ಲಿ?"

ಆ ಮನೆಯವರ ಮೇಲೆ ಅಂದಿನಿಂದ ನನಗೆ ಗೌರವ ಹೆಚ್ಚಿದೆ.

೩. ಗಣೇಶಗುಡಿಗೆ

ಒಮ್ಮೆ ಜೊಯಿಡಾ ಕಡೆಯ ನೆಂಟರ ಮದುವೆಗೆ ನಾನೂ ಅವನೂ ನನ್ನ ಗಾಡಿಯಲ್ಲಿ ಹೊರಟೆವು. ಅವನು ಓಡಿಸುತ್ತಾನೆಂದು ನಾನು ಹಿಂದಿನ ಕಂಬಿ ಗಟ್ಟಿಯಾಗಿ ಹಿಡಿದು ಕೂತೆ. ಗಾಡಿ ನಲವತ್ತು ದಾಟಲಿಲ್ಲ. ಪ್ರತಿ ತಿರುವಿಗೂ ಹಾರ್ನು. ಒಂದು ಬಸ್ಸು ನಮ್ಮನ್ನು ದಾಟಿತು, ಆಮೇಲೆ ಗೊಬ್ಬರ ತುಂಬಿದ ಟ್ರ್ಯಾಕ್ಟರೂ ದಾಟಿತು.

"ಗಾಡಿ ಕೆಟ್ಟೈತೇನೋ?"

"ಇಲ್ಲ ಮಾಮಾ. ಟ್ರ್ಯಾಕಿನಾಗ ಎದುರಿಗೆ ಯಾರೂ ಬರೂದಿಲ್ಲ, ಎಮ್ಮಿ ಅಡ್ಡ ಬರೂದಿಲ್ಲ. ಇಲ್ಲಿ ಎಲ್ಲಾ ಬರ್ತಾವು."

ಗಣೇಶಗುಡಿ ಹತ್ತಿರ ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕನೊಬ್ಬ ಮೊಪೆಡ್ಡಿನಲ್ಲಿ ಜೊತೆಗೆ ಬಂದು ನನ್ನನ್ನು ಕೇಳಿದ: "ಹುಡುಗ ಈಗ ಕಲ್ಯಾಕ ಹತ್ಯಾನೇನ್ರಿ?"

"ಹೂಂರಿ," ಎಂದೆ, "ನಾನಽ ಕಲಸಾಕತ್ತೇನಿ."

ಅಷ್ಟು ಸುಖದ ಪ್ರಯಾಣ ನನಗೆ ಮತ್ತೆ ಸಿಕ್ಕಿಲ್ಲ.

೪. ದಂಡ

ಆ ಪ್ರಯಾಣದಿಂದ ನನಗೊಂದು ಚಟ ಹತ್ತಿತು. ರಜೆಯ ದಿನ ಧಾರವಾಡದ ಗ್ರಂಥಾಲಯಕ್ಕೆ ಹೋಗುವಾಗ, ಹಳಿಯಾಳ ದಾಟಿದ ಮೇಲೆ ಕೈಗಡಿಯಾರ ನೋಡಿಕೊಂಡು ಗಾಡಿ ಬಿಡುವುದು. ರಸ್ತೆಯ ಮೇಲಾದರೂ ನಾನು ಅವನಿಗಿಂತ ಜೋರು. ಮನೆಯಲ್ಲಿ ಹೇಳಿರಲಿಲ್ಲ.

ಇವತ್ತು ಅವನು ಅಕ್ಕನ ಮಿಕ್ಸಿ ರಿಪೇರಿಗೆಂದು ನನ್ನ ಗಾಡಿ ತೆಗೆದುಕೊಂಡು ಧಾರವಾಡಕ್ಕೆ ಹೋಗಿದ್ದ. ಸಂಜೆ ತೊಯ್ದುಕೊಂಡು ಬಂದ.

"ಪೊಲೀಸರು ನಿಲ್ಲಿಸಿದ್ರು ಅಕ್ಕಾ. ಗಾಡಿ ನಂಬರಿನ ಮ್ಯಾಲ ಮೂರು ಹಳೇ ದಂಡ ಇದ್ದವು. ಕಟ್ಟಿ ಬಂದೆ."

ನಾನು ಕೈಗಡಿಯಾರವನ್ನು ಮೆಲ್ಲಗೆ ಅಂಗಿಯ ತೋಳಿನೊಳಗೆ ಸೇರಿಸಿದೆ. ಅವಳು ಟವೆಲ್ ತಂದು ಅವನ ತಲೆ ಒರೆಸುತ್ತ ಬೈಯತೊಡಗಿದಳು.

"ಹೋದ ಸಲ ಬಂದಾಗ ಜೋರು ಬಿಟ್ಟಿರಬೇಕು ನೀ. ಇವರ ಹಳೇ ಗಾಡಿ ಮ್ಯಾಲೂ ರೇಸಽ?"

"ಅಕ್ಕಾ, ಅದು..."

"ಸುಮ್ನಿರು. ಅಷ್ಟು ಜೋರು ಓಡಸವ್ರು ಈ ಮನಿಯಾಗ ನಿನ್ನ ಬಿಟ್ಟು ಯಾರದಾರ?"

ಆ ಬೈಗುಳದಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು. ಕಪ್, ಪದಕ, ಷೋಕೇಸು ಎಲ್ಲ ಅವನದಾಯಿತು. ನನ್ನ ದಂಡವೂ ಅವನ ಹೆಸರಿಗೇ ಹೋಗುವುದನ್ನು ನೋಡುತ್ತ ಕೂರಲು ಆಗಲಿಲ್ಲ.

"ಅವು ನನ್ನವು," ಎಂದೆ.

ಟವೆಲ್ ನಿಂತಿತು.

"ಹಳಿಯಾಳ ದಾಟಿದ ಮ್ಯಾಲ ನಾನೂ ಜೋರು ಹೊಡೀತೇನಿ. ಇವನಕಿಂತಾ ಜೋರು. ವರ್ಷ ಆತು."

"ಖರೇನರಿ?"

"ಖರೆ."

ಅವನ ರೇಸು ಮೊಬೈಲಿನಲ್ಲಿ ನೋಡುವಾಗಿನ ಕಣ್ಣಿನಿಂದ ಅವಳು ಮೊದಲ ಸಲ ನನ್ನನ್ನು ನೋಡಿದಳು. ಒಂದು ನಿಮಿಷ ಹಾಗೇ ನೋಡಿರಬೇಕು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಎಷ್ಟು ಕಟ್ಟಿದ್ಯೋ?"

ಅವನು ನನ್ನ ಮುಖ ನೋಡಿದ. ಹೇಳಲು ಮನಸ್ಸಿರಲಿಲ್ಲ ಅವನಿಗೆ. ಕಡೆಗೆ ಜೇಬಿನಿಂದ ಒದ್ದೆ ರಸೀದಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ.

"ಸಾವಿರದ ಐನೂರು, ಅಕ್ಕಾ. ಮೂರೂ ಗ್ರಂಥಾಲಯದ ಮುಂದ ಗಾಡಿ ನಿಲ್ಲಸಿದ್ದಕ್ಕ."