ಹನ್ನೊಂದು ವಾರದ ಬಟಾಣಿ

ಮಂಗಳವಾರ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ನಾನು ಫ್ರೀಜರ್ ಬಾಗಿಲು ತೆರೆದು, ಮಂಜು ಹಿಡಿದಿದ್ದ ಬಟಾಣಿ ಚೀಲವೊಂದನ್ನು ಹೊರಗೆ ತೆಗೆದೆ. ಸಮಯವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಒಲೆಯ ಪಕ್ಕದಲ್ಲೇ ಗಡಿಯಾರ, ಪೆನ್ನು, ನೋಟ್‌ಬುಕ್ಕು ಇಟ್ಟುಕೊಂಡಿದ್ದೆ. ಪತ್ರಿಕೆಯೊಂದರಲ್ಲಿ ಮೂವತ್ತೊಂದು ವರ್ಷ ವಿಶೇಷ ಲೇಖನಗಳನ್ನು ಬರೆದವನು ನಾನು. ಎರಡು ಕಡೆ ವಿಚಾರಿಸದೆ ಒಂದು ಸಾಲು ಬರೆದವನಲ್ಲ. (ನನ್ನ ಮದುವೆಯೊಂದನ್ನು ಬಿಟ್ಟು. ಅದರಲ್ಲಿ ವಿಚಾರಿಸಿದ್ದು ಒಂದೇ ಕಡೆ, ಅದೂ ಹುಡುಗಿಯ ತಾಯಿಯನ್ನು.)

ಆ ತಾಯಿ, ಅಂದರೆ ನಮ್ಮ ಅತ್ತೆ, ಈಗ ಹನ್ನೊಂದು ವಾರದಿಂದ ನಮ್ಮ ಮನೆಯಲ್ಲಿದ್ದಾರೆ. ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ. ಅವರ ಸ್ವಂತ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿ ನೂರು ಡಿಗ್ರಿ ಮಡಚಿದರೆ ಮೆಟ್ಟಿಲು ಹತ್ತಬಹುದು, ಮನೆಗೆ ಹೋಗಬಹುದು ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿದ್ದಾಳೆ. ಆಕೆ ಪ್ರತಿ ಮಂಗಳವಾರ ಪ್ಲಾಸ್ಟಿಕ್ಕಿನ ಕೋನಮಾಪಕ ಹಿಡಿದು ಬರುವುದರಿಂದ ಅತ್ತೆ ಅವಳಿಗೆ ಕೋನಮ್ಮ ಎಂದು ಹೆಸರಿಟ್ಟಿದ್ದಾರೆ. ಹಿಂದಿನ ವಾರದ ಕೋನ ತೊಂಬತ್ತೇಳು. ಅವತ್ತು ಸಂಜೆ ನಾಲ್ಕಕ್ಕೆ ಮತ್ತೆ ಅಳತೆ. ಅತ್ತೆಗೆ ತಮ್ಮ ಮನೆಯ ಕಿಟಕಿ, ತಮ್ಮ ಗಿಡಗಳ ಚಿಂತೆ. ನನಗೆ ನನ್ನ ಕುರ್ಚಿಯ ಚಿಂತೆ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬಂದದ್ದು ಈ ಮೂರು ಡಿಗ್ರಿಯ ವಿಷಯದಲ್ಲಿ ಮಾತ್ರ.

ಅತ್ತೆ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿದವರು. ನಿವೃತ್ತಿಯಾದಾಗ ಶಾಲೆಯ ಬೀಗದ ಕೈ ಹಿಂತಿರುಗಿಸಿದರು. ಕೆಂಪು ಪೆನ್ನು ಹಿಂತಿರುಗಿಸಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು, ನನ್ನ ಪತ್ರಿಕೆಯನ್ನು ನನಗಿಂತ ಮೊದಲು ಓದಿ, ನನ್ನ ಲೇಖನಕ್ಕೆ ಅಂಕ ಕೊಡುವುದು ಅವರ ಬೆಳಗಿನ ಕಾರ್ಯಕ್ರಮ. ಮೊನ್ನೆ ಭಾನುವಾರ ನನ್ನ ‘ಹತ್ತು ನಿಮಿಷದ ಹಸಿರು ಬಟಾಣಿ ಸೂಪ್’ ಪ್ರಕಟವಾಯಿತು. ಹೋಟೆಲೊಂದರ ಮುಖ್ಯ ಬಾಣಸಿಗನಿಗೆ ಫೋನ್ ಮಾಡಿ, ಅವನು ಹೇಳಿದ್ದನ್ನು ಇನ್ನೊಬ್ಬ ಬಾಣಸಿಗನಿಂದ ದೃಢಪಡಿಸಿಕೊಂಡು ಬರೆದದ್ದು. ಅದರ ಅಂಚಿನಲ್ಲಿ ದುಂಡಗಿನ ಕೆಂಪು ಅಕ್ಷರ: ‘ಲೇಖಕರು ಇದನ್ನು ಮಾಡಿ ನೋಡಿದ್ದಾರೆಯೇ? 4/10.’

ಸೋಮವಾರವಿಡೀ ಆ ನಾಲ್ಕು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಮಂಗಳವಾರ ನನ್ನ ವಾರದ ರಜೆ. (ಹಿಂದಿನ ಹತ್ತು ಮಂಗಳವಾರ ನಾನು ಮನೆಯಲ್ಲಿ ಇರದಂತೆ ನೋಡಿಕೊಂಡಿದ್ದೆ.) ನನ್ನ ಹೆಂಡತಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ದಿನಾ ಮೂರು ಗಂಟೆಗೆಲ್ಲ ಮನೆಗೆ ಬರುವವಳು, ಅವತ್ತು ಪುಸ್ತಕಗಳ ವಾರ್ಷಿಕ ತಪಾಸಣೆ ಇದೆ, ತಡವಾಗುತ್ತದೆ ಎಂದು ಹೇಳಿ ಹೊರಟಳು. ಚಪ್ಪಲಿ ಹಾಕಿಕೊಳ್ಳುತ್ತಾ, “ಮೂರೂವರೆಗೆ ಅಮ್ಮನ ಮಂಡಿಗೆ ತಣ್ಣಗಿನದು ಇಡಬೇಕು, ಮರೀಬೇಡಿ. ಅದಿಟ್ಟರೇನೇ ಊತ ಇಳಿದು ಕಾಲು ಮಡಚೋದು. ಫ್ರೀಜರ್‌ನಲ್ಲಿದೆ,” ಅಂದಳು.

“ಇಷ್ಟೂ ಗೊತ್ತಿಲ್ವಾ ನನಗೆ,” ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅತ್ತೆಯ ಮಂಡಿಯ ಮೇಲೆ ಟವೆಲ್ ಸುತ್ತಿದ ಗಂಟೊಂದನ್ನು ಎಂದೋ ನೋಡಿದ್ದೆ. ಔಷಧಿ ಅಂಗಡಿಯ ರಬ್ಬರ್ ಚೀಲವಿರಬೇಕು ಎಂದುಕೊಂಡಿದ್ದೆ.

ಬಟಾಣಿ ಚೀಲದ ಮುಂಬದಿಯನ್ನು ಪೂರ್ತಿ ಓದಿದೆ. ತೂಕ, ತಯಾರಿಕೆಯ ದಿನಾಂಕ, ಮೂರು ನಿಮಿಷ ಕುದಿಸಬೇಕೆಂಬ ಸೂಚನೆ, ಎಲ್ಲವೂ ಕ್ರಮಬದ್ಧವಾಗಿತ್ತು. ಚೀಲದ ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿತ್ತು. ಬಟಾಣಿಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ತಗ್ಗಾಗಿ, ಒಂದು ದೊಡ್ಡ ಬಟ್ಟಲಿನ ಆಕಾರ ತಾಳಿದ್ದವು. ವಿಚಿತ್ರವೆನಿಸಿತು. ಆದರೆ ಬಟಾಣಿಯ ಜೀವನದ ಬಗ್ಗೆ ನನಗೇನು ಗೊತ್ತು?

ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಬಟಾಣಿ ಕುದಿಸಿದೆ. ಹಸಿರು ಬಣ್ಣ ಉಳಿಯಬೇಕಾದರೆ ಕುದಿಸಿದ ಕೂಡಲೇ ಐಸ್ ನೀರಿಗೆ ಹಾಕಬೇಕು ಎಂದು ಬಾಣಸಿಗರಿಬ್ಬರೂ ಒಕ್ಕೊರಲಿನಿಂದ ಹೇಳಿದ್ದರು. ಮನೆಯಲ್ಲಿದ್ದ ಎರಡೂ ಟ್ರೇ ಐಸನ್ನು ಉದಾರವಾಗಿ ಸುರಿದೆ. ಬಳಿಕ ಮಿಕ್ಸಿ, ಉಪ್ಪು, ಕಾಳುಮೆಣಸು. ಹತ್ತು ನಿಮಿಷದ ಸೂಪು ಐವತ್ತೆರಡು ನಿಮಿಷದಲ್ಲಿ ಸಿದ್ಧವಾಯಿತು. ಬಣ್ಣ ಮಾತ್ರ ಸರ್ಕಾರಿ ಕಚೇರಿಯ ಗೋಡೆಯದ್ದು.

ಅತ್ತೆ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮೂವತ್ತನಾಲ್ಕು ವರ್ಷ ಮಕ್ಕಳನ್ನು ನಡುಗಿಸಿದ ಮೌನ ಅದು.

“ಪುದೀನ ಹಾಕಿದ್ದೀರಾ?”

ಮನೆಯಲ್ಲಿ ಪುದೀನ ಇರಲಿಲ್ಲ. ಆದರೆ ಅವರ ದನಿಯಲ್ಲಿ ಮೆಚ್ಚುಗೆ ಇತ್ತು. “ಸ್ವಲ್ಪ,” ಅಂದೆ. ನನ್ನ ವೃತ್ತಿಜೀವನದ ಮೊದಲ ಸುಳ್ಳು ವರದಿ.

“ಬಾಯೆಲ್ಲಾ ತಣ್ಣಗಾಗುತ್ತೆ. ಚೆನ್ನಾಗಿದೆ. ಇನ್ನೊಂದು ಬಟ್ಟಲು ಹಾಕಿ.”

ಅವರು ಎರಡು ಬಟ್ಟಲು ಕುಡಿದರು. ನಾನು ವಿಜಯೋತ್ಸಾಹದಲ್ಲಿ ಮೂರು. ಹೆಂಡತಿಗೆಂದು ಉಳಿಸಿದ್ದನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬೇಗ ಆರಲಿ ಎಂದು ಫ್ರೀಜರಿನಲ್ಲಿಟ್ಟೆ.

ಮೂರೂವರೆಗೆ ಅತ್ತೆ ಸ್ಟೂಲಿನ ಮೇಲೆ ಕಾಲು ಚಾಚಿ, ಟವೆಲನ್ನು ನಾಲ್ಕು ಮಡಿಕೆ ಮಾಡಿಟ್ಟುಕೊಂಡು, “ಅಳಿಯಂದಿರೇ, ನನ್ನ ಚೀಲ ತರ್ತೀರಾ?” ಎಂದರು.

ಅವರ ಕೈಚೀಲ ತಂದುಕೊಟ್ಟೆ.

“ಇದಲ್ಲ. ಮಂಡಿಗೆ ಇಟ್ಕೊಳ್ಳೋದು. ಬಟಾಣಿ ಚೀಲ.”

ನಾನು ಯುದ್ಧಭೂಮಿಯಿಂದ ವರದಿ ಮಾಡಿದವನಲ್ಲ. ಆದರೂ ಕಾಲ ಕೆಳಗಿನ ನೆಲ ಸರಿಯುವುದೆಂದರೇನು ಎಂದು ಅವತ್ತು ತಿಳಿಯಿತು. “ಯಾವ ಬಟಾಣಿ?” ಎಂದು ಕೇಳಿದೆ. ಅದು ನನ್ನ ಸ್ವರವೇ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಅಲ್ಲೇ ಇರುತ್ತಲ್ಲ. ಮುಲಾಮು ಹಚ್ಚಿ, ಮೇಲೆ ಅದನ್ನಿಟ್ಟುಕೊಂಡರೆ ಮಂಡಿಗೆ ಸರಿಯಾಗಿ ಕೂರುತ್ತೆ. ಮಧ್ಯೆ ಒಂದು ಸಲ ಚೀಲ ಹರಿದು ಕಾಳೆಲ್ಲ ಮಂಚದ ಮೇಲೆ ಚೆಲ್ಲಿತ್ತು. ಮುಲಾಮಿನ ಕೈಯಲ್ಲೇ ಒಂದೊಂದಾಗಿ ಆರಿಸಿ ತುಂಬಿ ಕ್ಲಿಪ್ ಹಾಕಿದೆ.”

ಪುದೀನದ ಮೂಲ ಪತ್ತೆಯಾಯಿತು.

ಅಡುಗೆಮನೆಗೆ ಹೋಗಿ ಕಸದ ಬುಟ್ಟಿಯಿಂದ ಖಾಲಿ ಚೀಲ ತೆಗೆದು ನಲ್ಲಿಯ ಕೆಳಗೆ ಹಿಡಿದೆ. ಹಿಂಬದಿಯ ಮಂಜು ಕರಗಿ ಹೋಗಿತ್ತು. ದಪ್ಪ ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ, ಎರಡು ಅಡಿಗೆರೆ ಎಳೆದು ಬರೆದಿತ್ತು: ‘ಮಂಡಿಗೆ ಮಾತ್ರ. ಅಡುಗೆಗೆ ಬಳಸಕೂಡದು.’ ದಿನಾಂಕವೂ ಇತ್ತು. ದಿನಕ್ಕೊಂದು ಬಾರಿ, ಹನ್ನೊಂದು ವಾರ. ಎಪ್ಪತ್ತೇಳು ಬಾರಿ ಕರಗಿ ಎಪ್ಪತ್ತೇಳು ಬಾರಿ ಹೆಪ್ಪುಗಟ್ಟಿದ ಬಟಾಣಿ. ಆ ತಗ್ಗು ಯಾವ ಅವಯವದ ಆಕಾರವೆಂಬುದೂ ಈಗ ಸ್ಪಷ್ಟವಾಯಿತು.

ಹೆಂಡತಿಗೆ ಫೋನ್ ಮಾಡಿದೆ. ಇಪ್ಪತ್ತೆರಡು ವರ್ಷದ ಗ್ರಂಥಾಲಯದ ಕೆಲಸದಿಂದ ಅವಳಿಗೆ ಪಿಸುಮಾತಿನಲ್ಲೇ ಬೈಯುವುದು ಅಭ್ಯಾಸವಾಗಿದೆ. ಸಿಟ್ಟು ಏರಿದಂತೆಲ್ಲ ದನಿ ಇಳಿಯುತ್ತದೆ.

“ಅಮ್ಮನ ಬಟಾಣಿ ಸೂಪ್ ಮಾಡಿದ್ರಾ?” ಎಂದು ಪಿಸುಗುಟ್ಟಿದಳು. “ಯಾರು ಕುಡಿದ್ರು?”

“ಎಲ್ಲರೂ.”

“ಎಲ್ಲರೂ ಅಂದ್ರೆ?”

“ನಿನ್ನ ಪಾಲು ಎತ್ತಿಟ್ಟಿದ್ದೀನಿ.”

ಆ ಕಡೆ ಒಂದು ದಪ್ಪ ಪುಸ್ತಕ ಬಿದ್ದ ಸದ್ದು. ಬಳಿಕ ಕಿವಿಗೊಟ್ಟರೂ ಕೇಳಿಸದಷ್ಟು ಸಣ್ಣ ದನಿ: “ಅಳತೆ ಇದೆ ಇವತ್ತು. ಐಸ್ ಇಡಿ.”

“ಐಸ್ ಇಲ್ಲ. ಬಣ್ಣ ಉಳಿಯಲಿ ಅಂತ ಹಾಕಿಬಿಟ್ಟೆ.”

“ಹಾಗಾದ್ರೆ ಮನೇಲಿ ತಣ್ಣಗಿರೋದು ಏನಿದೆ?”

ಯೋಚಿಸಿದೆ. “ಸೂಪು,” ಅಂದೆ.

ಅವಳು ಫೋನ್ ಇಟ್ಟಳು. ಅದನ್ನು ಒಪ್ಪಿಗೆ ಎಂದು ಭಾವಿಸಿದೆ.

ಡಬ್ಬಿಯಲ್ಲಿ ಸೂಪು ಅರ್ಧ ಹೆಪ್ಪುಗಟ್ಟಿತ್ತು. ಅದನ್ನು ಹಿಡಿದು ಅತ್ತೆಯ ಮುಂದೆ ನಿಂತು, ಸತ್ಯವನ್ನು ಹೇಳಿದೆ. ಯಾವುದನ್ನೂ ಬಿಡಲಿಲ್ಲ, ಪುದೀನದ ಸುಳ್ಳನ್ನೂ.

ಅವರು ಕೇಳಿದ್ದು ಒಂದೇ: “ಹಿಂಬದಿ ಓದಲಿಲ್ವಾ?”

“ಮಂಜು ಕಟ್ಟಿತ್ತು. ತಪ್ಪಾಯ್ತು, ಅತ್ತೆ. ಹೊಟ್ಟೆಗೆ ಹಾಕ್ಕೊಳ್ಳಿ.”

“ಹಾಕ್ಕೊಂಡಾಗಿದೆಯಲ್ಲ, ಎರಡು ಬಟ್ಟಲು. ನೀವೆಷ್ಟು?”

“ಮೂರು.”

“ಸರಿ. ನ್ಯಾಯ ಅನ್ನೋದು ಇದೆ.” ಅವರು ಟವೆಲನ್ನು ಸರಿಮಾಡಿಕೊಂಡರು. “ಡಬ್ಬಿ ಕೊಡಿ. ಇನ್ನು ಹದಿನೈದು ನಿಮಿಷ ಇದೆ. ಬಟಾಣಿ ಯಾವ ರೂಪದಲ್ಲಿದ್ದರೂ ಬಟಾಣಿಯೇ.”

ಡಬ್ಬಿ ಚಪ್ಪಟೆ; ಮಂಡಿ ದುಂಡು. ಅದು ನಿಲ್ಲುತ್ತಲೇ ಇರಲಿಲ್ಲ. ನಾನು ನೆಲದ ಮೇಲೆ ಕೂತು ಎರಡೂ ಕೈಯಿಂದ ಒತ್ತಿ ಹಿಡಿದೆ. ನಾಲ್ಕು ಗಂಟೆಗೆ ಸರಿಯಾಗಿ ಕರೆಗಂಟೆ ಸದ್ದಾಯಿತು. ಗಾಬರಿಯಲ್ಲಿ ಸ್ವಲ್ಪ ಜಾಸ್ತಿಯೇ ಒತ್ತಿದೆನೇನೋ, ಮುಚ್ಚಳ ಹಾರಿತು. ಬಾಗಿಲು ತೆರೆದೇ ಇದ್ದುದರಿಂದ ಕೋನಮ್ಮ ತಾನಾಗಿ ಒಳಗೆ ಬಂದಳು. ಅವಳು ಕಂಡದ್ದು ಇಷ್ಟು: ಕುರ್ಚಿಯಲ್ಲಿ ರೋಗಿ, ನೆಲದ ಮೇಲೆ ಅಳಿಯ, ನಡುವೆ ಒಂದು ಮಂಡಿ, ಆ ಮಂಡಿಯಿಂದ ನಿಧಾನವಾಗಿ ಸ್ರವಿಸುತ್ತಿರುವ ದಟ್ಟ ಹಸಿರು ದ್ರವ.

ಆ ಹುಡುಗಿ ಗೋಡೆ ಹಿಡಿದುಕೊಂಡಳು. “ಇದು ಯಾವಾಗಿಂದ ಹೀಗೆ ಬರ್ತಿದೆ, ಅಮ್ಮ?”

“ಊಟ ಆದಮೇಲಿಂದ,” ಅಂದರು ಅತ್ತೆ.

ವಿವರಿಸಲು ಹತ್ತು ನಿಮಿಷ ಹಿಡಿಯಿತು, ಒರೆಸಲು ಇಪ್ಪತ್ತು. (ಸೂಪಿಗೆ ಸಂಬಂಧಿಸಿದ ಕೆಲಸವೊಂದು ಹತ್ತು ನಿಮಿಷದಲ್ಲಿ ಮುಗಿದದ್ದು ಇದೊಂದೇ.) ಆಮೇಲೆ ಕೋನಮಾಪಕ ಹೊರಬಂತು. ಅತ್ತೆ ಹಲ್ಲು ಕಚ್ಚಿ ಕಾಲು ಮಡಚಿದರು. ಊತ ಇಳಿದಿರಲಿಲ್ಲ.

“ತೊಂಬತ್ನಾಲ್ಕು,” ಎಂದಳು ಕೋನಮ್ಮ. “ಮೂರು ಡಿಗ್ರಿ ಹಿಂದೆ ಹೋಗಿದೆ. ಇನ್ನೊಂದು ನಾಲ್ಕು ವಾರ ಇಲ್ಲೇ ಇರಿ.”

ಅತ್ತೆ ಕಿಟಕಿಯ ಕಡೆ ನೋಡಿದರು. ಅದು ನಮ್ಮ ಮನೆಯ ಕಿಟಕಿ, ಅವರದ್ದಲ್ಲ. ಅಲ್ಲಿಯವರೆಗೆ ನನಗೆ ನನ್ನ ಕುರ್ಚಿಯ ಸಂಕಟ ಮಾತ್ರ ಆಗಿತ್ತು. ಈಗ ಇನ್ನೊಂದೂ ಆಯಿತು. “ನಿಮ್ಮ ಗಿಡಗಳಿಗೆ ನಾನೇ ಹೋಗಿ ನೀರು ಹಾಕ್ತೀನಿ,” ಅಂದೆ. ಅದೂ ಮೂರನೇ ಮಹಡಿ ಎಂದು ನೆನಪಾದದ್ದು ಮಾತು ಮುಗಿದ ಮೇಲೆ.

“ವಾರಕ್ಕೆ ಮೂರು ಸಲ,” ಅಂದರು ಅವರು, ತಕ್ಷಣ. ಬಳಿಕ ಭಾನುವಾರದ ಪುಟ ತರಿಸಿ, ಕೆಂಪು ಪೆನ್ನು ತೆಗೆದು, ನಾಲ್ಕನ್ನು ಹೊಡೆದು ಹಾಕಿ ಆರು ಮಾಡಿದರು. ಕೆಳಗೆ ಎರಡು ಸಾಲು ಬರೆದು ನನ್ನ ಕೈಗಿತ್ತರು. ಅದನ್ನು ನಾನು ಸಂಪಾದಕರಿಗೆ ಕಳಿಸಿದ್ದೇನೆ. ಬರುವ ಭಾನುವಾರ ಆರನೇ ಪುಟದ ಕೆಳಮೂಲೆಯಲ್ಲಿ ಅದು ಪ್ರಕಟವಾಗುತ್ತದೆ:

‘ತಿದ್ದುಪಡಿ: ಬಟಾಣಿ ಸೂಪ್ ಮಾಡುವವರು ಮೊದಲು ಚೀಲದ ಎರಡೂ ಬದಿ ಓದತಕ್ಕದ್ದು.’